ಎಣಿಕೆಯಿಂದ ಕೂಡುವ ಲೆಕ್ಕಕ್ಕೆ: ಡಾ. ಮರಿಯಾ ಮಾಂಟೆಸರಿ



ಬೆಳಗಾವಿಯಂತಹ ಯಾವುದೇ ನಗರದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಲ್ಲಾದರೂ ಒಂದು ಕಡೆ ಮಾಂಟೆಸರಿ ಎಂಬ ಫಲಕ ಕಣ್ಣಿಗೆ ಬಿದ್ದೇ ಬೀಳುತ್ತದೆ. ಎಲ್.ಕೆ.ಜಿ., ಯು.ಕೆ.ಜಿ.ಗಳಂತೆ ಅದೂ ಒಂದು ತರಗತಿಯ ಹೆಸರು ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಒಬ್ಬ ಮಹಿಳೆಯ ಮನೆತನದ ಹೆಸರು. ಅವರು ಇಟಲಿ ದೇಶದವರು, ವೃತ್ತಿಯಿಂದ ವೈದ್ಯೆ. ಇಳಿವಯಸ್ಸಿನಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ಸುಮಾರು ಏಳು ವರ್ಷ ಕಳೆದು, ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದವರು.

ಅವರು ಮಾಡಿದ ಕೆಲಸಗಳು ಹಲವು. ಆದರೆ ಈ ಲೇಖನದಲ್ಲಿ ಒಂದು ಸಣ್ಣ ಸಂಗತಿಯನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ನೋಡೋಣ. ಪುಟ್ಟ ಮಗು ಎಣಿಸುವುದನ್ನು ಕಲಿತು, ಆ ಎಣಿಕೆಯ ಮೂಲಕವೇ ಕೂಡುವ ಲೆಕ್ಕಕ್ಕೆ ಕಾಲಿಡುವುದು ಹೇಗೆ ಎಂಬುದೇ ಆ ಸಂಗತಿ. ಇದು ಸಣ್ಣದೆಂದು ಕಡೆಗಣಿಸಬೇಡಿ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹೈಸ್ಕೂಲಿಗೆ ಬಂದಾಗ ಗಣಿತವೆಂದರೆ ಹೆದರುತ್ತಾರೆ, ಆ ಹೆದರಿಕೆಯಿಂದಲೇ ಶಾಲೆ ಬಿಡುವವರೂ ಇದ್ದಾರೆ. ಆ ಹೆದರಿಕೆಯ ಬೇರನ್ನು ಹುಡುಕುತ್ತಾ ಹೋದರೆ ಬಹಳ ಸಲ ನಾವು ಬಂದು ನಿಲ್ಲುವುದು ಒಂದನೆಯ ತರಗತಿಯ ಬಾಗಿಲಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲಿನ ಅಂಗನವಾಡಿಯ ಅಂಗಳದಲ್ಲಿ.

ಹುಡುಗಿಯರಿಗೆ ಮುಚ್ಚಿದ್ದ ಬಾಗಿಲು

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಎಂಬ ಚಿಕ್ಕ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರಕಾರದ ಹಣಕಾಸು ಇಲಾಖೆಯ ನೌಕರ. ತಾಯಿ ರೆನಿಲ್ಡೆ ಓದಿನಲ್ಲಿ ಅಪಾರ ಆಸಕ್ತಿಯಿದ್ದವರು. ತಂದೆಯ ಕೆಲಸದ ನಿಮಿತ್ತ ಕುಟುಂಬ ಮೊದಲು ಫ್ಲಾರೆನ್ಸ್ ನಗರಕ್ಕೆ, 1875ರಲ್ಲಿ ರೋಮ್ ನಗರಕ್ಕೆ ಬಂತು. ಆಗಿನ ಇಟಲಿಯಲ್ಲಿ ಹೆಣ್ಣುಮಕ್ಕಳು ಹೆಚ್ಚೆಂದರೆ ಶಿಕ್ಷಕಿಯಾಗುವಷ್ಟು ಓದುತ್ತಿದ್ದರು. ಮರಿಯಾಗೆ ಆ ಕಾಲದಲ್ಲಿ ಶಿಕ್ಷಕಿಯಾಗುವುದು ಬೇಕಿರಲಿಲ್ಲ, ಗಣಿತ ಬೇಕಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಗಂಡುಮಕ್ಕಳೇ ತುಂಬಿದ್ದ ತಾಂತ್ರಿಕ ಶಾಲೆಗೆ ಸೇರಿದರು. ಎಂಜಿನಿಯರ್ ಆಗುವ ಕನಸು ಇತ್ತು. ಓದು ಮುಗಿಯುವ ಹೊತ್ತಿಗೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ತಂದೆಗೆ ಇದು ಹಿಡಿಸಲಿಲ್ಲ, ತಾಯಿ ಮಗಳ ಬೆನ್ನಿಗೆ ನಿಂತರು.

ರೋಮ್ ವಿಶ್ವವಿದ್ಯಾಲಯದಲ್ಲಿ ಮೊದಲು ವಿಜ್ಞಾನ, ಆಮೇಲೆ ವೈದ್ಯಕೀಯ. ಗಂಡಸರ ಜೊತೆ ನಿಂತು ಹೆಣ್ಣುಮಗಳೊಬ್ಬಳು ಶವ ಕೊಯ್ಯುವುದು ಸಭ್ಯವಲ್ಲವೆಂದು ಅವರಿಗೆ ಅನುಮತಿ ಸಿಗಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡಬೇಕಾಯಿತು. 1896ರಲ್ಲಿ ವೈದ್ಯಕೀಯ ಪದವಿ ಬಂತು. ಅದೇ ವರ್ಷ ಬರ್ಲಿನ್ ನಗರದಲ್ಲಿ ನಡೆದ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪ್ರತಿನಿಧಿಯಾಗಿ ಮಾತನಾಡಿದರು. ವಿದ್ಯಾರ್ಥಿನಿಯರು ಈ ಭಾಗವನ್ನು ಎರಡು ಸಲ ಓದಬೇಕೆಂದು ನನ್ನ ಅಪೇಕ್ಷೆ.

ರೊಟ್ಟಿಯ ಚೂರುಗಳು

ಪದವಿಯ ನಂತರ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ. ಆ ಕೆಲಸದ ಭಾಗವಾಗಿ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಿತ್ತು. ಆ ಕಾಲದಲ್ಲಿ ಬುದ್ಧಿ ಕಡಿಮೆ ಎಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ದೊಡ್ಡವರ ಜೊತೆ ಅಲ್ಲಿಯೇ ಕೂಡಿ ಹಾಕುತ್ತಿದ್ದರು. ಬರಿಯ ಗೋಡೆಯ ಕೋಣೆ, ಆಡಲು ಒಂದು ವಸ್ತುವೂ ಇಲ್ಲ. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುತ್ತಿದ್ದರು. ನೋಡಿಕೊಳ್ಳುವವರಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತು. ಮರಿಯಾ ಅದನ್ನು ಬೇರೆ ಬಗೆಯಲ್ಲಿ ನೋಡಿದರು. ಮುಟ್ಟಲು, ಹಿಡಿಯಲು, ಹೊರಳಿಸಿ ನೋಡಲು ಆ ಮಕ್ಕಳಿಗೆ ಇಡೀ ಲೋಕದಲ್ಲಿ ಇದ್ದದ್ದು ಆ ಚೂರುಗಳು ಮಾತ್ರ. ಅವರ ಹಸಿವು ಹೊಟ್ಟೆಯದಾಗಿರದೆ ಕೈಗಳದ್ದಾಗಿತ್ತು.

ಫ್ರಾನ್ಸ್ ದೇಶದ ಇಟಾರ್ ಮತ್ತು ಅವರ ಶಿಷ್ಯ ಸೆಗ್ವಿನ್ ಇಂತಹ ಮಕ್ಕಳಿಗಾಗಿ ಬಹಳ ಹಿಂದೆಯೇ ಕೆಲವು ಸಾಧನಗಳನ್ನು ಮಾಡಿದ್ದರು. ಮರಿಯಾ ಅವರ ಪುಸ್ತಕಗಳನ್ನು ಹುಡುಕಿ ಓದಿ, ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡರು. 1900ರಲ್ಲಿ ರೋಮ್‌ನಲ್ಲಿ ಇಂತಹ ಮಕ್ಕಳ ಶಿಕ್ಷಕರಿಗಾಗಿ ತೆರೆದ ಶಾಲೆಗೆ ಅವರು ಸಹನಿರ್ದೇಶಕಿಯಾದರು. ಅಲ್ಲಿ ಕಲಿತ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳ ಪರೀಕ್ಷೆಯಲ್ಲಿ ಪಾಸಾದರು. ಊರೆಲ್ಲ ಹೊಗಳಿತು. ಮರಿಯಾಗೆ ಮಾತ್ರ ಇನ್ನೊಂದು ಚಿಂತೆ ಹತ್ತಿತು. ಈ ಮಕ್ಕಳೇ ಇಷ್ಟು ಕಲಿಯಬಲ್ಲರಾದರೆ, ಎಲ್ಲ ಶಕ್ತಿಯೂ ಇರುವ ಸಾಮಾನ್ಯ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಕೆಳಗೆ ತಡೆದಿಟ್ಟಿರಬೇಕು?

ಈ ವರ್ಷಗಳಲ್ಲಿಯೇ ಅವರ ಬದುಕಿನ ದೊಡ್ಡ ನೋವೂ ಇದೆ. 1898ರಲ್ಲಿ ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ. ತಂದೆ ಜೊತೆಯ ವೈದ್ಯ ಮೊಂಟೆಸಾನೊ. ಮದುವೆ ನಡೆಯಲಿಲ್ಲ. ಮಗುವನ್ನು ಹಳ್ಳಿಯ ಒಂದು ಮನೆಯಲ್ಲಿ ಸಾಕಲು ಬಿಡಲಾಯಿತು. ಮೊಂಟೆಸಾನೊ ಬೇರೊಬ್ಬರನ್ನು ಮದುವೆಯಾದ ಮೇಲೆ ಮರಿಯಾ ಆ ಶಾಲೆಯನ್ನೇ ಬಿಟ್ಟರು. ಲೋಕದ ಮಕ್ಕಳಿಗೆ ದಾರಿ ತೋರಿಸಿದ ತಾಯಿ, ತನ್ನ ಮಗನನ್ನು ಬಳಿಗೆ ಕರೆಸಿಕೊಂಡದ್ದು ಅವನಿಗೆ ಹದಿನೈದು ವರ್ಷ ತುಂಬುವ ಹೊತ್ತಿಗೆ. ಆಮೇಲೂ ಬಹುಕಾಲ ಅವನನ್ನು ಅಣ್ಣನ ಮಗನಂತೆಯೋ ದತ್ತುಮಗನಂತೆಯೋ ಪರಿಚಯಿಸಲಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ಸರಿಯಲ್ಲ.

ಮಕ್ಕಳ ಮನೆ

ರೋಮ್ ನಗರದ ಸಾನ್ ಲೊರೆಂಜೊ ಆಗ ಬಡವರ ಬಡಾವಣೆ. ಒಂದು ಕಟ್ಟಡ ಸಂಸ್ಥೆ ಅಲ್ಲಿಯ ಹಾಳು ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತ್ತು. ತಂದೆ ತಾಯಿ ಕೂಲಿಗೆ ಹೋದಾಗ ಚಿಕ್ಕ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳು ಮಾಡುತ್ತಿದ್ದರು. ಗೋಡೆ ಉಳಿಸುವ ಸಲುವಾಗಿ ಸಂಸ್ಥೆ ಆ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಲು ತೀರ್ಮಾನಿಸಿ, ಮರಿಯಾ ಅವರಿಗೆ ಹೇಳಿ ಕಳಿಸಿತು. 1907ರ ಜನವರಿ 6ರಂದು ಆ ಕೋಣೆ ತೆರೆಯಿತು. ಸುಮಾರು ಐವತ್ತು ಮಕ್ಕಳು, ಹೆಚ್ಚಿನವರು ಮೂರರಿಂದ ಆರು ವರ್ಷದವರು. ಅದಕ್ಕೆ ಕಾಸಾ ದೆಯ್ ಬಂಬಿನಿ, ಅಂದರೆ ಮಕ್ಕಳ ಮನೆ ಎಂಬ ಹೆಸರು ಬಂತು.

ಹಿಂದಿನ ಶಾಲೆಯಲ್ಲಿ ಬಳಸಿದ್ದ ಸಾಧನಗಳನ್ನೇ ಅಲ್ಲಿ ಇಟ್ಟರು. ಆಟಿಕೆಗಳೂ ಇದ್ದವು. ಮಕ್ಕಳು ಆಟಿಕೆ ಬಿಟ್ಟು ಸಾಧನಗಳ ಕಡೆ ಹೋದರು. ಒಂದು ಪುಟ್ಟ ಹುಡುಗಿ ಕೊರಡಿನ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಹೀಗೆ ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಹಾಡು ಹಾಕಿದರೂ, ಅವಳು ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ ಕೈ ನಿಲ್ಲಲಿಲ್ಲ. ಪುಟ್ಟ ಮಕ್ಕಳಿಗೆ ಗಮನವೇ ಇರುವುದಿಲ್ಲ ಎಂಬ ಮಾತನ್ನು ಮರಿಯಾ ಆ ದಿನದಿಂದ ನಂಬಲಿಲ್ಲ. 1909ರಲ್ಲಿ ಅವರು ಬರೆದ ಪುಸ್ತಕ ಕೆಲವೇ ವರ್ಷಗಳಲ್ಲಿ ಹಲವು ಭಾಷೆಗಳಿಗೆ ಹೋಯಿತು.

ಕೋಲು, ಕದಿರು, ಮಣಿ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ.

ಮೂರು ವರ್ಷದ ಮಗು ಒಂದರಿಂದ ಹತ್ತರವರೆಗೆ ಗಡಗಡನೆ ಹೇಳಿದರೆ ಮನೆಯವರಿಗೆ ಹಿಗ್ಗು. ಬಂದ ಮೆಹಮಾನರ ಮುಂದೆ ನಿಲ್ಲಿಸಿ ಹೇಳಿಸುತ್ತೇವೆ. ಅದೇ ಮಗುವಿನ ಮುಂದೆ ಏಳು ಹುಣಸೆ ಬೀಜ ಹರಡಿ ಎಣಿಸಲು ಹೇಳಿ ನೋಡಿ. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಒಂದು ಬೀಜವನ್ನು ಎರಡು ಸಲ ಮುಟ್ಟುತ್ತದೆ, ಇನ್ನೊಂದನ್ನು ಬಿಟ್ಟೇ ಬಿಡುತ್ತದೆ. ಎಣಿಸಿ ಮುಗಿದ ಮೇಲೆ ಒಟ್ಟು ಎಷ್ಟು ಎಂದು ಕೇಳಿದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಮಗು ಸಂಖ್ಯೆಗಳ ಹೆಸರನ್ನು ಹಾಡಿನಂತೆ ಕಲಿತಿದೆ, ಎಣಿಕೆಯನ್ನು ಇನ್ನೂ ಕಲಿತಿಲ್ಲ. ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳ ಕ್ರಮ ಬದಲಾಗಬಾರದು, ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಮೊತ್ತ: ಈ ಮೂರು ತಿಳಿವಳಿಕೆಗಳು ಸೇರಿದಾಗಲೇ ಅದು ಎಣಿಕೆ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿ ಇದನ್ನು ವಿವರವಾಗಿ ಬರೆದರು. ಮಾಂಟೆಸರಿಯವರು ಅದಕ್ಕಿಂತ ಎಪ್ಪತ್ತು ವರ್ಷ ಮೊದಲೇ ಮಕ್ಕಳ ಬೆರಳುಗಳನ್ನು ನೋಡುತ್ತಾ ಇದರ ಹತ್ತಿರ ಬಂದಿದ್ದರು.

ಅವರ ಮೊದಲ ಸಾಧನ ಹತ್ತು ಕೋಲುಗಳು. ಚಿಕ್ಕದು 10 ಸೆಂಟಿಮೀಟರ್, ದೊಡ್ಡದು ಒಂದು ಮೀಟರ್. ಪ್ರತಿ ಹತ್ತು ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ ಬದಲಾಗುತ್ತದೆ. ಬಿಡಿ ಬೀಜಗಳಲ್ಲಿ ಮಗುವಿಗೆ ಕಾಣುವುದು ಒಂದು, ಇನ್ನೊಂದು, ಮತ್ತೊಂದು. ಐದು ಎಂಬುದು ಎಲ್ಲಿಯೂ ಕಾಣುವುದಿಲ್ಲ. ಕೋಲಿನಲ್ಲಿ ಹಾಗಲ್ಲ. ಐದು ತುಂಡುಗಳೂ ಇವೆ, ಆದರೆ ಕೈಗೆ ಬರುವುದು ಒಂದೇ ವಸ್ತು. ಐದು ಎಂಬುದು ಮೂರಕ್ಕಿಂತ ಉದ್ದ, ಎಂಟಕ್ಕಿಂತ ಗಿಡ್ಡ ಎಂಬುದೂ ತೋಳಿಗೆ ತಿಳಿಯುತ್ತದೆ.

ಕೂಡುವ ಲೆಕ್ಕ ಹುಟ್ಟುವುದು ಇಲ್ಲಿಯೇ. ಒಂಬತ್ತರ ಕೋಲಿನ ತುದಿಗೆ ಒಂದರ ಕೋಲು ಇಟ್ಟರೆ ಹತ್ತರ ಕೋಲಿಗೆ ಸಮ. ಎಂಟಕ್ಕೆ ಎರಡು, ಏಳಕ್ಕೆ ಮೂರು, ಆರಕ್ಕೆ ನಾಲ್ಕು. ಐದಕ್ಕೆ ಮಾತ್ರ ಜೊತೆ ಸಿಗದೆ ಒಂಟಿಯಾಗಿ ಉಳಿಯುತ್ತದೆ. ಅದನ್ನು ಹತ್ತರ ಪಕ್ಕದಲ್ಲಿ ಒಂದು ಸಲ ಇಟ್ಟು, ತುದಿಯ ಮೇಲೆ ಹೊರಳಿಸಿ ಮತ್ತೊಮ್ಮೆ ಇಟ್ಟರೆ ಎರಡು ಐದು ಹತ್ತು ಎಂದು ಕಣ್ಣಿಗೇ ಕಾಣುತ್ತದೆ. ಕೂಡಿಸು ಎಂಬ ಚಿಹ್ನೆ ಬರುವುದು ಇದೆಲ್ಲ ಆದ ಮೇಲೆ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಚಿಹ್ನೆ, ಆಮೇಲೆ ಸಿಕ್ಕರೆ ಅರ್ಥ.

ಎರಡನೆಯದು ಕದಿರಿನ ಪೆಟ್ಟಿಗೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಗೂಡುಗಳು, ನಲವತ್ತೈದು ಬಿಡಿ ಕದಿರುಗಳು. ಮಗು ಪ್ರತಿ ಗೂಡಿಗೂ ಲೆಕ್ಕ ಹಾಕಿ ಕದಿರು ತುಂಬಬೇಕು. ಲೆಕ್ಕ ತಪ್ಪಿದರೆ ಕೊನೆಯಲ್ಲಿ ಕದಿರು ಉಳಿಯುತ್ತದೆ ಅಥವಾ ಸಾಲದೆ ಹೋಗುತ್ತದೆ. ಶಿಕ್ಷಕಿ ತಪ್ಪು ಎಂದು ಹೇಳುವ ಅಗತ್ಯವೇ ಇಲ್ಲ. ಸೊನ್ನೆಯ ಗೂಡು ಖಾಲಿ ಉಳಿಯುತ್ತದೆ.

ಸೊನ್ನೆಯನ್ನು ಅವರು ಕಲಿಸಿದ ಬಗೆ ಬಹಳ ಸೊಗಸಾಗಿದೆ. ಒಂದು ಮಗುವನ್ನು ಕರೆದು ಸೊನ್ನೆ ಸಲ ನನ್ನ ಬಳಿ ಬಾ ಎನ್ನುತ್ತಿದ್ದರು. ಮಗು ಓಡಿ ಬರುತ್ತಿತ್ತು. ನೀನು ಒಂದು ಸಲ ಬಂದೆಯಲ್ಲ ಎಂದು ನಗುತ್ತಿದ್ದರು. ಕೆಲವು ಸಲ ಹೀಗಾದ ಮೇಲೆ ಮಕ್ಕಳಿಗೆ ಗುಟ್ಟು ತಿಳಿಯುತ್ತಿತ್ತು, ಕರೆದರೂ ಕದಲದೆ ನಿಂತು ನಗುತ್ತಿದ್ದರು. ಇನ್ನೊಂದು ಆಟದಲ್ಲಿ ಮಡಿಸಿದ ಚೀಟಿ ಎತ್ತಿ, ಅದರಲ್ಲಿದ್ದ ಸಂಖ್ಯೆಯಷ್ಟು ವಸ್ತುಗಳನ್ನು ಮೇಜಿನಿಂದ ತರಬೇಕು. ಸೊನ್ನೆಯ ಚೀಟಿ ಬಂದ ಮಗು ಬರಿಗೈಯಲ್ಲಿ ತನ್ನ ಜಾಗದಲ್ಲೇ ಕೂರಬೇಕು. ಗೆಳೆಯರು ಎದ್ದು ಓಡಾಡುವಾಗ ಸುಮ್ಮನೆ ಕೂರುವುದು ಆ ಮಗುವಿಗೆ ಎಷ್ಟು ಕಷ್ಟ ಎಂಬುದನ್ನು ಮಾಂಟೆಸರಿಯವರು ಮುಖಗಳನ್ನು ನೋಡಿ ಬರೆದಿಟ್ಟಿದ್ದಾರೆ. ಅಂದ ಹಾಗೆ, ಭಾರತದ ಶೂನ್ಯ ಅರಬ್ಬಿಯಲ್ಲಿ ಸಿಫ್ರ್ ಆಗಿ, ಇಟಲಿಯ ವ್ಯಾಪಾರಿಗಳ ಬಾಯಲ್ಲಿ ಝೀರೊ ಆಯಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲಿ. ಉತ್ತರ ಆಫ್ರಿಕದ ಬಂದರಿನಲ್ಲಿ ಈ ಲೆಕ್ಕ ಕಲಿತು 1202ರಲ್ಲಿ ಪುಸ್ತಕ ಬರೆದ ಫಿಬೊನಾಚಿ ಇಟಲಿಯವರೇ.

ಮೂರನೆಯದು ಮಣಿಗಳು. ಒಂದು ಬಿಡಿ ಮಣಿ, ತಂತಿಯಲ್ಲಿ ಪೋಣಿಸಿದ ಹತ್ತರ ಸರ, ಹತ್ತು ಸರ ಸೇರಿದ ನೂರರ ಚೌಕ, ಹತ್ತು ಚೌಕ ಸೇರಿದ ಸಾವಿರದ ಘನ, ಎಲ್ಲವೂ ಬಂಗಾರದ ಬಣ್ಣ. ಮಕ್ಕಳು ತಟ್ಟೆಯಲ್ಲಿ ಮಣಿಗಳನ್ನು ತಂದು ಒಂದೆಡೆ ಸುರಿಯುತ್ತಾರೆ, ಬಿಡಿ ಮಣಿಗಳನ್ನು ಎಣಿಸುತ್ತಾರೆ, ಹತ್ತಾದರೆ ಕೊಟ್ಟು ಒಂದು ಸರ ತರುತ್ತಾರೆ. ನಾವು ಶಾಲೆಯಲ್ಲಿ ಕೈಯಲ್ಲಿ ಒಂದು ಎಂದು, ಉರ್ದುವಿನಲ್ಲಿ ಹಾಸಿಲ್ ಏಕ್ ಎಂದು ಹೇಳಿ ತಲೆಯ ಮೇಲೆ ಬರೆಯುತ್ತೇವಲ್ಲ, ಆ ಒಂದು ನಿಜವಾಗಿ ಹತ್ತು ಎಂಬುದು ಎಷ್ಟು ದೊಡ್ಡವರಿಗೆ ಹೊಳೆದಿದೆ? ಈ ಸಾಧನದಲ್ಲಿ ಅದು ಐದು ವರ್ಷದ ಮಗುವಿನ ಅಂಗೈಯಲ್ಲಿ ಇರುತ್ತದೆ. ಲೆಕ್ಕದ ಈ ಕೆಲಸವನ್ನೆಲ್ಲ ಸೇರಿಸಿ 1934ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಅವರು ಒಂದು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಮುಷ್ಟಿಯಲ್ಲಿ ಆರು

ಇಷ್ಟು ದುಬಾರಿ ಸಾಧನ ನಮಗೆಲ್ಲಿಂದ ಎಂದು ನೀವು ಕೇಳಬಹುದು. ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲು ದಾರಿಯಲ್ಲಿ ಬರುವ ಗುಂಜಿಯಂತಹ ಊರಿನ ಒಂದು ಮನೆಯನ್ನೇ ಊಹಿಸಿಕೊಳ್ಳಿ. ಹುಣಸೆ ಬೀಜವಿದೆ, ಕಲ್ಲು ಹರಳಿವೆ, ಕಸಬರಿಗೆಯ ಕಡ್ಡಿ ಇದೆ, ಅಜ್ಜಿಯ ಕಾಲದ ಅಳಗುಳಿ ಮಣೆಯೂ ಇರಬಹುದು. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಮಣ್ಣಿನ ಮಣಿ ಮಾಡಲು ಕಷ್ಟವಿಲ್ಲ. ಎರಡು ಎಚ್ಚರಿಕೆ ಮಾತ್ರ ಬೇಕು. ಗುಂಜಿ ಎಂದೊಡನೆ ನೆನಪಾಗುವ, ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಕೆಂಪು ಕಪ್ಪು ಗುಲಗಂಜಿ ಬಹಳ ಚೆಂದ, ಆದರೆ ಕಚ್ಚಿ ನುಂಗಿದರೆ ವಿಷ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಇವೆರಡೂ ಮಕ್ಕಳ ಕೈಗೆ ಬೇಡ. ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಯಾವ ಸಣ್ಣ ಬೀಜವೂ ಬೇಡ.

ಆರು ಬೀಜ ಒಂದು ಕಡೆ, ಮೂರು ಇನ್ನೊಂದು ಕಡೆ ಇಡಿ. ಎಲ್ಲಾ ಎಷ್ಟು ಎಂದರೆ ಮಗು ಮೊದಲು ಒಂದರಿಂದ ಒಂಬತ್ತರವರೆಗೆ ಎಲ್ಲವನ್ನೂ ಎಣಿಸುತ್ತದೆ. ಎಣಿಸಲಿ, ಅವಸರ ಮಾಡಬೇಡಿ. ಎಷ್ಟೋ ದಿನ ಹೀಗೆಯೇ ನಡೆಯಬೇಕು. ಇದು ಗಟ್ಟಿಯಾದ ಮೇಲೆ ಆರು ಬೀಜಗಳನ್ನು ಮಗುವಿನಿಂದಲೇ ಎಣಿಸಿ ನಿಮ್ಮ ಮುಷ್ಟಿಯಲ್ಲಿ ಮುಚ್ಚಿಕೊಳ್ಳಿ. ಈಗ ಮುಷ್ಟಿಯೇ ಆರು, ಮಾಂಟೆಸರಿಯವರ ಕೋಲಿನ ಹಾಗೆ. ಅದನ್ನು ಮುಟ್ಟಿ ಆರು ಎಂದು ಹೇಳಿ, ಹೊರಗಿನವನ್ನು ಏಳು, ಎಂಟು, ಒಂಬತ್ತು ಎಂದು ಮುಂದುವರಿಸಬೇಕು. ಇಲ್ಲಿ ಬಹಳ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರೆ. ಹೊರಗಿನ ಮೊದಲ ಬೀಜಕ್ಕೇ ಆರು ಎಂದು ಹೇಳಿ ಎಂಟಕ್ಕೆ ನಿಲ್ಲುತ್ತಾರೆ. ಬೈಯಬೇಡಿ, ಮುಷ್ಟಿ ಬಿಚ್ಚಿ ತೋರಿಸಿ. ಆರನೆಯ ಬೀಜ ಒಳಗೇ ಇದೆಯಲ್ಲ.

ಎರಡಕ್ಕೆ ಏಳು ಸೇರಿಸುವಾಗ ಎರಡರಿಂದ ಹೊರಡುವುದಕ್ಕಿಂತ ಏಳರಿಂದ ಹೊರಟರೆ ಎರಡೇ ಹೆಜ್ಜೆ. ಇದನ್ನು ಕಲಿಸಲೇಬೇಕೆಂದಿಲ್ಲ. 1977ರಲ್ಲಿ ಗ್ರೋಯನ್ ಮತ್ತು ರೆಸ್ನಿಕ್ ಎಂಬ ಸಂಶೋಧಕರು ಶಾಲೆಗೆ ಸೇರುವ ಮುನ್ನಿನ ಮಕ್ಕಳಿಗೆ ಎಲ್ಲವನ್ನೂ ಎಣಿಸಿ ಕೂಡುವುದನ್ನು ಮಾತ್ರ ಕಲಿಸಿ, ವಾರಗಟ್ಟಲೆ ಅಭ್ಯಾಸಕ್ಕೆ ಬಿಟ್ಟು ನೋಡಿದರು. ಅವರಲ್ಲಿ ಹಲವರು ದೊಡ್ಡ ಸಂಖ್ಯೆಯಿಂದ ಹೊರಡುವ ಉಪಾಯವನ್ನು ತಾವೇ ಕಂಡುಹಿಡಿದಿದ್ದರು. ಮಾಂಟೆಸರಿಯವರು ಇದ್ದಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಏಕ್, ದೋ, ತೀನ್. ಓಣಿಯಲ್ಲಿ ಮರಾಠಿ. ಶಾಲೆಯಲ್ಲಿ ಒಂದು, ಎರಡು, ಮೂರು. ಹತ್ತರೊಳಗೆ ಇದು ಅಷ್ಟು ಕಷ್ಟವಲ್ಲ. ಹತ್ತು ದಾಟಿದರೆ ಭಾಷೆಯೇ ಲೆಕ್ಕಕ್ಕೆ ಸಹಾಯ ಮಾಡುತ್ತದೆ ಅಥವಾ ಅಡ್ಡ ಬರುತ್ತದೆ. ಕನ್ನಡದ ಹದಿಮೂರಿನಲ್ಲಿ ಹತ್ತೂ ಮೂರೂ ಕೇಳಿಸುತ್ತವೆ, ಇಪ್ಪತ್ತೊಂದರಲ್ಲಿ ಇಪ್ಪತ್ತೂ ಒಂದೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಎಂಟು ಮತ್ತು ಐದು ಕೂಡುವಾಗ ಐದರಿಂದ ಎರಡು ತೆಗೆದು ಎಂಟನ್ನು ಹತ್ತು ಮಾಡಿ, ಉಳಿದ ಮೂರನ್ನು ಇಟ್ಟರೆ ಉತ್ತರದ ಹೆಸರು ತಾನಾಗಿಯೇ ಬಾಯಿಗೆ ಬರುತ್ತದೆ. ಉರ್ದುವಿನ ತೇರಹ್‌ನಲ್ಲಿ ದಸ್ ಎಂಬುದು ಮಗುವಿನ ಕಿವಿಗೆ ಕೇಳುವುದಿಲ್ಲ. ಉನ್ನೀಸ್ ಮತ್ತು ಮರಾಠಿಯ ಏಕೋಣೀಸ್ ಎರಡೂ ಇಪ್ಪತ್ತಕ್ಕೆ ಒಂದು ಕಡಿಮೆ ಎಂಬ ಹಳೆಯ ಎಣಿಕೆಯಿಂದ ಬಂದವು. ನೂರರವರೆಗಿನ ಹೆಸರುಗಳನ್ನು ಹೆಚ್ಚು ಕಡಿಮೆ ಬಾಯಿಪಾಠವೇ ಮಾಡಬೇಕು. ಹೀಗಾಗಿ ಮನೆಭಾಷೆಯಲ್ಲಿ ಎಣಿಸುವ ಮಗು ನಿಧಾನವಾದರೆ ಅದು ದಡ್ಡತನವಲ್ಲ. ಇಟಾಲಿಯನ್ ಭಾಷೆಯಲ್ಲಿಯೂ ಹನ್ನೊಂದರಿಂದ ಹತ್ತೊಂಬತ್ತರ ಹೆಸರುಗಳು ಒಂದೇ ಅಚ್ಚಿನವಲ್ಲ. ಮಾಂಟೆಸರಿಯವರು ಸೆಗ್ವಿನ್‌ರ ಹಲಗೆಗಳನ್ನು ಬಳಸಿ, ಹತ್ತರ ಸರದ ಪಕ್ಕದಲ್ಲಿ ಬಿಡಿ ಮಣಿಗಳನ್ನು ಇಟ್ಟು ತೋರಿಸಿದರು. ನಮ್ಮ ಮನೆಗಳಲ್ಲಿ ಹತ್ತು ಕಡ್ಡಿಗಳ ಒಂದು ಕಟ್ಟು, ಪಕ್ಕದಲ್ಲಿ ಮೂರು ಬಿಡಿ ಕಡ್ಡಿ ಸಾಕು. ಮೊದಲ ಎಣಿಕೆ ಮಗು ಮನೆಯಲ್ಲಿ ಮಾತನಾಡುವ ಭಾಷೆಯಲ್ಲೇ ನಡೆಯಲಿ, ಶಾಲೆಯ ಭಾಷೆಯ ಹೆಸರುಗಳನ್ನು ಅದೇ ಕಡ್ಡಿಗಳ ಮೇಲೆ ಆಮೇಲೆ ಹೇಳಿಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಹೊಗಳಿಕೆ, ವಿರೋಧ, ದೇಶಾಂತರ

1913ರಲ್ಲಿ ಅಮೆರಿಕಕ್ಕೆ ಹೋದಾಗ ಅವರಿಗೆ ಸಿಕ್ಕ ಸ್ವಾಗತ ದೊಡ್ಡದು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ ನಡೆಸಿ, ಮಕ್ಕಳು ಕಲಿಯುವುದನ್ನು ಜನ ಹೊರಗಿನಿಂದ ನೋಡುವಂತೆ ಮಾಡಿದರು. ಆದರೆ 1914ರಲ್ಲೇ ಕಿಲ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ಅವರ ಪದ್ಧತಿಯನ್ನು ಟೀಕಿಸಿ ಪುಸ್ತಕ ಬರೆದಿದ್ದರು. ಅಮೆರಿಕದ ಉತ್ಸಾಹ ಬೇಗ ಆರಿತು, ಮತ್ತೆ ಹೊತ್ತಿಕೊಂಡದ್ದು 1960ರ ಸುಮಾರಿಗೆ. ಇಟಲಿಯಲ್ಲಿ ಮುಸೊಲಿನಿ 1924ರಿಂದ ಅವರ ಶಾಲೆಗಳಿಗೆ ಬೆಂಬಲ ಕೊಟ್ಟ, ಅವರೂ ಅದನ್ನು ಸ್ವೀಕರಿಸಿದರು. ಸರ್ವಾಧಿಕಾರಿಯ ನೆರವು ಎಷ್ಟು ದಿನ ಬಾಳೀತು? ಶಾಲೆಗಳು ತನ್ನ ಪಕ್ಷದ ಅಚ್ಚಿಗೆ ಬರಬೇಕೆಂದು ಆತ ಬಯಸಿದ, ಮಾಂಟೆಸರಿ ಒಪ್ಪಲಿಲ್ಲ, 1934ರಲ್ಲಿ ಸಂಬಂಧ ಕಡಿಯಿತು. ಜರ್ಮನಿಯಲ್ಲಿಯೂ ನಾಜಿಗಳು ಅವರ ಶಾಲೆಗಳನ್ನು ಮುಚ್ಚಿಸಿದರು. ಸ್ಪೇನಿನಲ್ಲಿ 1936ರಲ್ಲಿ ಅಂತರ್ಯುದ್ಧ. ಅಲ್ಲಿಂದ ಹಾಲೆಂಡ್. ಅಷ್ಟು ಹೊತ್ತಿಗೆ ಅವರಿಗೆ ಅರವತ್ತಾರು.

ಅಡ್ಯಾರಿನಲ್ಲಿ, ಕೊಡೈಕನಾಲಿನಲ್ಲಿ

ಭಾರತದಲ್ಲಿ ಅವರ ಹೆಸರು ಮೊದಲೇ ಪರಿಚಿತವಾಗಿತ್ತು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕ 1920ರಲ್ಲಿಯೇ ಬಾಲಮಂದಿರ ತೆರೆದಿದ್ದರು. 1931ರಲ್ಲಿ ಲಂಡನ್ನಿಗೆ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿಯವರು ಮಾಂಟೆಸರಿಯವರ ತರಬೇತಿ ಕಾಲೇಜಿಗೆ ಭೇಟಿ ಕೊಟ್ಟು ಮಾತನಾಡಿದ್ದರು. ಥಿಯಾಸಾಫಿಕಲ್ ಸೊಸೈಟಿಯ ಅರುಂಡೇಲ್ ಮತ್ತು ಅವರ ಪತ್ನಿ ರುಕ್ಮಿಣಿದೇವಿಯವರ ಆಹ್ವಾನದ ಮೇಲೆ 1939ರಲ್ಲಿ ಮಾಂಟೆಸರಿ ಮತ್ತು ಮಾರಿಯೊ ಮದರಾಸಿನ ಅಡ್ಯಾರಿಗೆ ಬಂದಿಳಿದರು. ಮೊದಲ ತರಬೇತಿಗೇ ಮುನ್ನೂರಕ್ಕೂ ಹೆಚ್ಚು ಮಂದಿ ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಮಾತನಾಡುತ್ತಿದ್ದರು, ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದರು.

ಕೆಲವು ತಿಂಗಳು ಇದ್ದು ಹೋಗಲು ಬಂದವರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರಕಾರಕ್ಕೆ ಇವರಿಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಾರಿಯೊನನ್ನು ಬಂಧನ ಶಿಬಿರಕ್ಕೆ ಒಯ್ದರು, ತಾಯಿಯ ಓಡಾಟಕ್ಕೆ ನಿರ್ಬಂಧ ಬಂತು. ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬುವುದಿತ್ತು. ಆ ಹುಟ್ಟುಹಬ್ಬದ ಕಾಣಿಕೆಯಾಗಿ ವೈಸರಾಯ್ ಮಾರಿಯೊನ ಬಿಡುಗಡೆ ಮಾಡಿದರು. ಆ ಸಂದೇಶದಲ್ಲಿ ಮಾರಿಯೊನನ್ನು ಅವರ ಮಗನೆಂದೇ ಕರೆಯಲಾಗಿತ್ತು. ನಲವತ್ತೆರಡು ವರ್ಷ ಲೋಕದ ಮುಂದೆ ಹೇಳಲಾಗದಿದ್ದ ಮಾತು ಪರದೇಶದ ಸರಕಾರದ ಕಾಗದದಲ್ಲಿ ಬಂತು.

1942ರಿಂದ ಎರಡು ವರ್ಷ ಕೊಡೈಕನಾಲಿನ ಬೆಟ್ಟದಲ್ಲಿದ್ದರು. ಅಲ್ಲಿ ಬೇರೆ ಬೇರೆ ದೇಶ, ಭಾಷೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕಲಿತರು. ಎಲೆ, ಕೀಟ, ಕಲ್ಲು, ನಕ್ಷತ್ರ ಎಲ್ಲವೂ ಪಾಠವಾದವು. ಯುದ್ಧ ಮುಗಿದ ಮೇಲೆ 1946ರಲ್ಲಿ ಯೂರೋಪಿಗೆ ಮರಳಿದರು, ಮರುವರ್ಷವೇ ಮತ್ತೆ ಭಾರತಕ್ಕೆ ಬಂದರು. ಅಹಮದಾಬಾದಿನಲ್ಲಿ ನೀಡಿದ ಉಪನ್ಯಾಸಗಳಿಂದ ರೂಪುಗೊಂಡ ಅವರ ಪ್ರಸಿದ್ಧ ಗ್ರಂಥ 1949ರಲ್ಲಿ ಅಡ್ಯಾರಿನಲ್ಲೇ ಅಚ್ಚಾಯಿತು. ಅದೇ ವರ್ಷ ಕರಾಚಿಯಲ್ಲಿಯೂ ಒಂದು ತರಬೇತಿ ನಡೆಸಿದರು.

ಅ ಪದ್ಧತಿ ಶ್ರೀಮಂತರಿಗೆ ಮಾತ್ರ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ದೂರಿನಲ್ಲಿ ಹುರುಳಿಲ್ಲದಿಲ್ಲ. ಬಡವರ ಬಡಾವಣೆಯಲ್ಲಿ ಹುಟ್ಟಿದ ಪದ್ಧತಿ ಅನೇಕ ಕಡೆ ದೊಡ್ಡ ಶುಲ್ಕದ ಶಾಲೆಗಳ ಸೊತ್ತಾಯಿತು. ಆ ಹೆಸರಿನ ಮೇಲೆ ಯಾರದೂ ಏಕಸ್ವಾಮ್ಯವಿಲ್ಲದ ಕಾರಣ ಫಲಕ ಹಾಕಲು ಯಾರಿಗೂ ಅಡ್ಡಿಯಿಲ್ಲ. ಹೊರಗೆ ಮಾಂಟೆಸರಿ ಎಂದು ಬರೆದು, ಒಳಗೆ ಮೂರು ವರ್ಷದ ಮಗುವಿನಿಂದ ಒಂದರಿಂದ ನೂರರವರೆಗೆ ಪಾಟಿ ತುಂಬ ಬರೆಸುವವರೂ ಇದ್ದಾರೆ. ಮಗುವನ್ನು ಸೇರಿಸುವ ಮೊದಲು ಪೋಷಕರು ಒಳಗೆ ಹೋಗಿ, ಮಕ್ಕಳ ಕೈಯಲ್ಲಿ ಏನಿದೆ ಎಂದು ನೋಡಿ ಬರಬೇಕು.

ಅದನ್ನು ಬಡ ಹಳ್ಳಿಗೆ ಇಳಿಸಿದವರು ತಾರಾಬಾಯಿ ಮೋಡಕ್. ಗಿಜುಭಾಯಿಯವರ ಜೊತೆ ದುಡಿದ ಇವರು 1926ರಲ್ಲಿ ಆರಂಭವಾದ ನೂತನ ಬಾಲ ಶಿಕ್ಷಣ ಸಂಘದ ಆಧಾರಸ್ತಂಭ. ಬೆಳಗಾವಿ ಜಿಲ್ಲೆಯೂ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿಯೇ, ಸಮುದ್ರದಂಡೆಯ ಬೋರ್ಡಿ ಎಂಬ ಹಳ್ಳಿಯಲ್ಲಿ 1945ರಲ್ಲಿ ಬಾಲವಾಡಿ ತೆರೆದರು. ಕೊಂಡು ತಂದ ಮಣಿಗಳ ಬದಲು ಬೀಜ, ಚಿಪ್ಪು, ಎಲೆ, ಹೂ. ಮಕ್ಕಳು ಬಾರದಿದ್ದರೆ ಶಿಕ್ಷಕಿಯೇ ಅವರ ಕೇರಿಯ ಅಂಗಳಕ್ಕೆ ಹೋಗಿ ಕೂರುವುದು. ನಂತರ ಕೋಸಬಾಡ ಗುಡ್ಡದಲ್ಲಿ ಅನುತಾಯಿ ವಾಘ್ ಅವರೊಂದಿಗೆ ಆದಿವಾಸಿ ಮಕ್ಕಳಿಗಾಗಿ ಈ ಕೆಲಸ ಬೆಳೆಯಿತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ದೇಶದ 33 ಕಡೆ ಆರಂಭಿಸಿದ ಮಕ್ಕಳ ಯೋಜನೆಯಲ್ಲಿ ಕರ್ನಾಟಕದ ಟಿ. ನರಸೀಪುರವೂ ಒಂದು. ಇಂದು ಊರೂರಿನಲ್ಲಿರುವ ಅಂಗನವಾಡಿ ಆ ಯೋಜನೆಯಿಂದ ಬಂದದ್ದು.

ಮಾಂಟೆಸರಿಯವರ ಹೆಸರು 1949, 1950 ಮತ್ತು 1951ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್ ಊರಿನಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಫ್ರಿಕದ ಶಿಕ್ಷಕರಿಗೆ ತರಬೇತಿ ಕೊಡಲು ಪ್ರಯಾಣ ಬೆಳೆಸುವ ಮಾತು ಆಗ ಮಗನ ಜೊತೆ ನಡೆದಿತ್ತು. ಅವರನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಕೆಲಸವನ್ನು ಮಾರಿಯೊ 1982ರಲ್ಲಿ ತಾನು ಸಾಯುವವರೆಗೂ ನಡೆಸಿದರು. 1990ರಲ್ಲಿ ಇಟಲಿ ತನ್ನ ಸಾವಿರ ಲೀರಾ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕಿಸಿತು. 2002ರಲ್ಲಿ ಯೂರೊ ನೋಟುಗಳು ಬರುವವರೆಗೆ ಅಲ್ಲಿಯ ಅಂಗಡಿಗಳಲ್ಲಿ ಜನ ಎಣಿಸಿ ಕೊಡುತ್ತಿದ್ದುದು ಆ ನೋಟನ್ನೇ. ಅದರ ಹಿಂಬದಿಯಲ್ಲಿ ಪಾಠ ಓದುತ್ತಾ ಕುಳಿತ ಮಕ್ಕಳ ಚಿತ್ರವಿತ್ತು.